ಹದಿನಾಲ್ಕನೆಯ ನಿಮಿಷದ ಕೂಗು

ಹದಿಮೂರನೆಯ ತಿಂಗಳು, ಏಳನೆಯ ತಾರೀಖು, 2203

ಮಾನ್ಯ ವಿನುತಾ ಹಡಪದ ಅವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಉದ್ದವಾದ ಮೇಲೆ ಅದನ್ನು ಒಡೆದು ನಾವು ಹೊಸ ತಿಂಗಳೊಂದನ್ನು ಮಾಡಿಕೊಂಡಿದ್ದೇವೆ. ನನ್ನ ಮಾತು ವಿಚಿತ್ರವೆನಿಸಿದರೂ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ನಿಮ್ಮ ಧ್ವನಿಮುದ್ರಣಗಳಿಂದಲೇ ಕಲಿತೆ.

ನಾನಿರುವುದು ದನಿಕಣಜದಲ್ಲಿ. ಹಿಂದಿನವರ ಧ್ವನಿಗಳನ್ನು ಕಾಳಿನಂತೆ ಕಾಪಾಡುವ ತಂಪು ಕಟ್ಟಡ ಅದು. ಬೆಳಗಿನ ಹೊತ್ತು ಮಾತ್ರ ಕರೆಂಟು ಕೊಡುತ್ತಾರೆ, ಅಷ್ಟರಲ್ಲೇ ಕೇಳಿ ಮುಗಿಸಬೇಕು. ಅಲ್ಲೇ ನಿಮ್ಮ ವಿಶ್ವವಿದ್ಯಾಲಯದ ಕುಂಬಾರಿಕೆ ಸಂಶೋಧನೆಗಾಗಿ ನೀವು ಸ್ವಚ್ಛಮಾಡಿಟ್ಟ ಧ್ವನಿ ಕಡತ ಸಿಕ್ಕಿತು. ಅದರಲ್ಲಿ ಮಾತಾಡುವ ಕುಂಬಾರ ಹುಲಿಗೆವ್ವ ನನಗೆ ಎಂಟು ತಲೆ ಹಿಂದಿನ ಅಜ್ಜಿ.

ನಮ್ಮ ಮನೆತನದಲ್ಲಿ ಹೆಣ್ಣುಮಕ್ಕಳನ್ನು ಆಟದಿಂದ ಮನೆಗೆ ಕರೆಯಲು ಒಂದು ಕೂಗು ಇತ್ತಂತೆ. ಜೀವ ಹೋಗುವಾಗಲೂ ಕಿವಿಯಲ್ಲಿ ಅದನ್ನೇ ಕೂಗುತ್ತಿದ್ದರು, ಹಿರಿಯರಿರುವ ಕಡೆ ದಾರಿ ತಪ್ಪದಿರಲಿ ಎಂದು. ಬಿಸಿಲಿಗೆ ಹೆದರಿ ಊರು ಬಿಟ್ಟ ವರ್ಷ ಕೂಗು ಬಲ್ಲವರೆಲ್ಲ ದಾರಿಯಲ್ಲೇ ತೀರಿಕೊಂಡರು. ಈಚೆಗೆ ನನ್ನ ಅವ್ವ ಹಾಸಿಗೆ ಹಿಡಿದಿದ್ದಳು. ನಾನು ಹುಡುಕುತ್ತಿದ್ದದ್ದು ಆ ಕೂಗನ್ನೇ.

ನಿಮ್ಮಷ್ಟು ಅಚ್ಚುಕಟ್ಟಿನ ಹೆಂಗಸನ್ನು ನಾನು ಕಂಡಿಲ್ಲ, ತಾಯಿ. ಧ್ವನಿಮುದ್ರಣದಿಂದ ಗುಡಿಸಿ ಎಸೆದ ಕಸಕ್ಕೂ ಪಟ್ಟಿ ಬರೆದಿಟ್ಟಿದ್ದೀರಿ. ಕೆಮ್ಮು, ಕೋಳಿ, ಮೋಟರ್ ಸದ್ದು. ಆಮೇಲೆ ಈ ಸಾಲು: ‘ಹದಿನಾಲ್ಕನೆಯ ನಿಮಿಷ. ಅಜ್ಜಿ ಮಾತು ನಿಲ್ಲಿಸಿ ಮೊಮ್ಮಗಳನ್ನು ಕೂಗಿ ಕರೆಯುತ್ತಾರೆ. ವಿಷಯಕ್ಕೆ ಸಂಬಂಧವಿಲ್ಲ. ಕತ್ತರಿಸಿದೆ.’ ಕೊನೆಯಲ್ಲಿ, ಯೋಜನೆ ಮುಗಿದಿದ್ದರಿಂದ ಮೂಲ ಕಡತ ಅಳಿಸಿ, ಡಿಸ್ಕನ್ನು ಮುಂದಿನ ಯೋಜನೆಗೆ ಕೊಟ್ಟದ್ದಾಗಿ ನಿಮ್ಮ ಸಹಿ.

ಆ ಸಾಲು ಓದಿ ನೆಲದ ಮೇಲೆ ಕೂತು ಅತ್ತೆ. ನಿಮಗೆ ಶಾಪ ಹಾಕಿದೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಯೋಚಿಸಿದೆ: ಸಂಶೋಧನೆ ನಡೆಸಿದ ನಿಮ್ಮ ಪ್ರೊಫೆಸರಿಗೆ ಬೇಕಿದ್ದದ್ದು ಮಣ್ಣಿನ ವಿಷಯ, ನೀವು ಅದನ್ನು ಶುದ್ಧವಾಗಿ ಕೊಟ್ಟಿರಿ. ಹುಲಿಗೆವ್ವನ ದನಿ ಪಕ್ಕದಲ್ಲೇ ಕೂತು ಮಾತಾಡಿದಂತೆ ಕೇಳುತ್ತದೆ.

ಬೇರೆ ದಾರಿ ಕಾಣದೆ ಆ ಮಣ್ಣಿನ ಮಾತನ್ನೇ ನಕಲು ಮಾಡಿ ತಂದು ಅವ್ವನ ಕಿವಿಗೆ ಹಿಡಿದೆ. ಕೆರೆಮಣ್ಣು, ಜಿಗಿಮಣ್ಣು, ಬೂದಿ ಎಷ್ಟು, ನೀರು ಎಷ್ಟು. ಅವ್ವ ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಕಾದಳು. ಆಮೇಲೆ ಅಂದಳು: “ಇಕಿ ಯಾರಿಗೋ ಮಣ್ಣಿನ ಸುದ್ದಿ ಹೇಳಾಕತ್ಯಾಳ ಬಿಡವ್ವಾ. ನನ್ನ ಕರಿಯವಲ್ಲಳು.”

ನಿನ್ನೆ ಅವ್ವ ಹೋದಳು. ಯಾರೂ ಕರೆಯದೆ ಹೋದಳು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಇದು, ನನಗೆ ಗೊತ್ತು. ಆದರೂ ಈ ಪತ್ರ ಹೇಗಾದರೂ ನಿಮ್ಮ ಮೇಜಿಗೆ ಬಂದರೆ, ಅಳಿಸುವ ಮೊದಲು ಹದಿನಾಲ್ಕನೆಯ ನಿಮಿಷವನ್ನು ಬೇರೆ ಎತ್ತಿಡಿ. ಅದೂ ಆಗದಿದ್ದರೆ, ಒಮ್ಮೆ ನೀವೇ ಪೂರ್ತಿ ಕೇಳಿ. ಅವ್ವನನ್ನು ಕರೆಯಬೇಕಿದ್ದ ದನಿಯನ್ನು ಒಬ್ಬರಾದರೂ ಕೇಳಿದ್ದರು ಎಂದುಕೊಂಡು ಇರುತ್ತೇನೆ.

ನಿಮ್ಮ,
ಗುರವ್ವ