ಗೆರೆಯಾಚೆಯ ಚುಕ್ಕಿಗಳು

ಅಪ್ಪಾ,

ನಿಮ್ಮ ಎದೆಯಿಂದ ತೆಗೆದ ನೀರಿನ ಪರೀಕ್ಷೆ ಮುಗಿಯಿತು. ರಕ್ತದ ಕ್ಯಾನ್ಸರ್ ಇಲ್ಲ. "ಅಷ್ಟು ಸಾಕು, ಸೈನ್ ಹಾಕಿ ಕಳ್ಸು, ಸುಮ್ನೆ ಕೆದಕೋಕೆ ಹೋಗ್ಬೇಡ" ಎಂದು ಫೋನಿನಲ್ಲಿ ಗದರಿದಿರಿ. ಅಷ್ಟನ್ನೇ ಬರೆದು ಸೈನ್ ಹಾಕುವವಳಲ್ಲ ನಾನು.

ಈ ಲ್ಯಾಬು ಕಟ್ಟಿದವರು ನೀವು. ಜೀವಕೋಶಗಳು ಒಂದೊಂದಾಗಿ ಲೇಸರ್ ಬೆಳಕಿನ ಮುಂದೆ ಹಾದುಹೋಗುವಾಗ ಪರದೆಯ ಮೇಲೆ ಮೂಡುವ ಚುಕ್ಕಿಗಳನ್ನು ಓದಲು ಕಲಿಸಿದವರೂ ನೀವೇ. "ರಕ್ತಕಣದ ಗುರುತಿಲ್ದೇ ಇರೋದೆಲ್ಲ ಕಸ ಕಣೇ, ಗೆರೆ ಎಳೆದು ಆಚೆ ಬಿಡು" ಎನ್ನುತ್ತಿದ್ದಿರಿ. ನಾವೆಲ್ಲ ಕಣ್ಣುಮುಚ್ಚಿಕೊಂಡು ಹಾಗೇ ಮಾಡುತ್ತಾ ಬಂದೆವು.

ಈ ಸಲ ಗೆರೆಯಾಚೆಯ ಚುಕ್ಕಿಗಳು ಗುಂಪು ಕಟ್ಟಿದ್ದವು. ಕಸ ಹಾಗೆ ಗುಂಪು ಕಟ್ಟುವುದಿಲ್ಲ. ಬೇರೆಯವರ ಸ್ಯಾಂಪಲ್ ಇರಬಹುದೆಂದು ಟ್ಯೂಬಿನ ಚೀಟಿ ತಿರುಗಿಸಿ ನೋಡಿದೆ. ನಿಮ್ಮದೇ. ಅಂಗಗಳ ಒಳಪದರದ ಕೋಶಗಳಿಗೆ ಮಾತ್ರ ಅಂಟುವ ಬಣ್ಣ ಹಾಕಿ ಮತ್ತೆ ಯಂತ್ರದಲ್ಲಿ ಓಡಿಸಿದೆ. ಇಡೀ ಗುಂಪು ಹೊಳೆಯಿತು. ಎದೆಯ ನೀರಿನಲ್ಲಿ ಅವುಗಳಿಗೇನು ಕೆಲಸ? ಬೇರೆ ಯಾವುದೋ ಅಂಗದ ಕ್ಯಾನ್ಸರ್ ಹರಡಿರಬಹುದು, ಆದರೆ ಎಲ್ಲಿಂದ ಬಂದವೆಂದು ಯಂತ್ರ ಹೇಳುವುದಿಲ್ಲ. ಶ್ವಾಸಕೋಶದಿಂದ ಚೂರು ತೆಗೆದು ನೋಡಬೇಕು. ಎಲ್ಲವನ್ನೂ ಬರೆದು, ಸೈನ್ ಹಾಕಿ, ನಿಮ್ಮ ಡಾಕ್ಟರಿಗೆ ಕಳಿಸಿಯಾಯಿತು.

ಅಮ್ಮನಿಗೆ ನಾನು ಹೇಳಿಲ್ಲ, ಅದು ನಿಮ್ಮ ಕೆಲಸ. ಡಾಕ್ಟರಿಗೆ ತೋರಿಸಬೇಕಾದ ಹಳೆಯ ಎಕ್ಸ್‌ರೇ ಬೀರುವಿನ ಮೇಲಿದೆ. ನೀವು ಸ್ಟೂಲು ಹತ್ತಬೇಡಿ, ತಮ್ಮ ಇಳಿಸಿಕೊಡುತ್ತಾನೆ.

ನಿಮ್ಮ ನಿಯಮ ಮುರಿದೆನೆಂದು ಕೋಪವಿದ್ದರೆ ಫೋನಿನಲ್ಲಿ ಬೇಡ, ಎದುರಿಗೇ ಬಂದು ಬೈಯಿರಿ. ಸೋಮವಾರ ಬೆಳಗ್ಗೆ, ಆಸ್ಪತ್ರೆಗೆ, ಖಾಲಿ ಹೊಟ್ಟೆಯಲ್ಲಿ.

ನಿಮ್ಮದೇ ಹಠ ಹೊತ್ತು ಹುಟ್ಟಿದ
ಮಗಳು