ನೆಟ್ಟಲ್ಲಿ ನಿಲ್ಲದ ಕೆಂಪು ಬಾವುಟ

ತೇಲುವ ಹಿಮ ನಿಲ್ದಾಣದಿಂದ,
ಏಪ್ರಿಲ್ 1957
(ಜಾಗ ಬರೆದಿಲ್ಲ. ಕಾಗದ ಮುಗಿಯುವುದರೊಳಗೆ ಅದು ಸುಳ್ಳಾಗುತ್ತದೆ.)

ಪ್ರೀತಿಯ ಅನ್ಫೀಸಾ ಅತ್ತಿಗೆಗೆ ಮೈದುನ ಸವ್ವಾತಿಯ ನಮಸ್ಕಾರ.

ಊರವರು ಹೆಪ್ಪುಗಟ್ಟಿದ ನೆಲಕ್ಕೆ ಬೆಂಕಿ ಹಾಕಿ, ಕರಗಿಸಿ, ಅಣ್ಣನಿಗೆ ಗುಂಡಿ ತೋಡಿದ್ದಾರೆಂದು ತಂತಿ ಬಂತು. ಅದನ್ನು ಮುಚ್ಚಿಸಿಬಿಡು. ಖಾಲಿ ಗುಂಡಿ ಮನೆಯಿಂದ ಇನ್ನೊಬ್ಬರನ್ನು ಕೇಳುತ್ತದೆ ಎಂದು ಅವ್ವ ಹೇಳುವುದು ನಿನಗೂ ಗೊತ್ತು.

ಜ್ವರದಲ್ಲಿ ತೀರಿಕೊಂಡ ಅಣ್ಣ ಜೊಸೀಮನನ್ನು ಹಾಯಿಬಟ್ಟೆಯಲ್ಲಿ ಸುತ್ತಿ, ಗುಡಾರದಾಚೆ ಹಿಮದಲ್ಲಿಟ್ಟು, ತಲೆಯ ಕಡೆ ಕೆಂಪು ಬಾವುಟ ನೆಟ್ಟೆವು. ಸೂರ್ಯನ ಎತ್ತರ ಅಳೆದು ಆ ಜಾಗದ ಅಕ್ಷಾಂಶ, ರೇಖಾಂಶ ಗುರುತು ಹಾಕಿಕೊಂಡೆ. ವಿಮಾನ ಬಂದಾಗ ಊರಿಗೆ ತರುವುದೆಂದಿತ್ತು. ಆ ವಾರವೇ ಗಾಳಿಗೆ, ಕಡಲ ಮೇಲೆ ತೇಲುತ್ತ ನಮ್ಮ ಬೀಡನ್ನು ಹೊತ್ತಿದ್ದ ಮಂಜುಗಡ್ಡೆ ಸೀಳಿತು. ಬಾವುಟವಿದ್ದ ಅರ್ಧ ಅಣ್ಣನನ್ನು ಹೊತ್ತುಕೊಂಡು ಹೊರಟುಹೋಯಿತು.

ಮೋಡ ಕವಿದು ಸೂರ್ಯನ ಮುಖವೇ ಕಾಣಲಿಲ್ಲ, ಹೊಸ ಅಳತೆ ಸಿಗಲಿಲ್ಲ. ಪೈಲಟ್ ಪ್ರೊಕೋಪಿಗೆ ಹಳೆಯ ಅಂಕಿಗಳನ್ನೇ ಕೊಟ್ಟೆ. ಸುತ್ತು ಹಾಕಿ ಬಂದವನು, "ಏನಯ್ಯಾ ಸವ್ವಾತಿ, ನೀ ಹೇಳಿದ್ ಜಾಗದಲ್ಲಿ ಬರೀ ಕಪ್ಪು ನೀರೈತೆ. ಮೀನುಗಳನ್ನ ಕೇಳಿ ಬರ್ಲಾ, ನಿಮ್ಮಣ್ಣ ಎಲ್ಲಿ ಅಂತ?" ಅಂದ. ಆಮೇಲೆ ಅವನೇ ಟೋಪಿ ತೆಗೆದು ಆಚೆ ತಿರುಗಿದ.

ಅಣ್ಣ ಮೊದಲೇ ಹೇಳುತ್ತಿದ್ದ, ಇಲ್ಲಿ ಬಾವುಟ ನೆಡೋದೂ ಒಂದೇ, ಓಡೋ ಹಿಮಸಾರಂಗದ ಬೆನ್ನಿಗೆ ಗೂಟ ಬಡಿಯೋದೂ ಒಂದೇ ಅಂತ. ನಾನು ನಗುತ್ತಿದ್ದೆ.

ಮರಣ ಪ್ರಮಾಣಪತ್ರದಲ್ಲಿ ನನ್ನ ಅಂಕಿಗಳೇ ಇರುತ್ತವೆ. ನಕ್ಷೆಯಲ್ಲಿ ಹುಡುಕಿ ಆ ದಿಕ್ಕಿಗೆ ತಲೆಬಾಗಬೇಡ. ಅಲ್ಲಿ ಅವನಿಲ್ಲ. ಕಡಲು ತನ್ನಲ್ಲೇ ಇಟ್ಟುಕೊಂಡವರಿಗೆ ನಮ್ಮ ಹಿರಿಯರು ಮಾಡಿದ್ದನ್ನೇ ಮಾಡೋಣ, ಭೂಶಿರದ ಬಂಡೆಯ ಮೇಲೆ ಮರದ ಶಿಲುಬೆ ನಿಲ್ಲಿಸೋಣ. ದೋಣಿಗಳು ಅದನ್ನು ಗುರಿ ಹಿಡಿದು ರೇವಿಗೆ ತಿರುಗಲಿ. ಅದಾದರೂ ನೆಟ್ಟಲ್ಲಿ ಇರುತ್ತದೆ. ನಾನೇ ಕೆತ್ತುತ್ತೇನೆ.

ಹಿಮ ಕರಗುವ ಮುಂಚಿನ ಕೊನೆಯ ವಿಮಾನ ಇದು, ಇದರಲ್ಲೇ ಬರುತ್ತಿದ್ದೇನೆ. ಮತ್ತೆ ಕಾಗದ ಯಾಕೆ ಅನ್ನುತ್ತೀಯ. ಎದುರು ನಿಂತು ಇಷ್ಟನ್ನು ಹೇಳುವ ಎದೆ ನನಗಿಲ್ಲ ಅತ್ತಿಗೆ. ಇದನ್ನು ನಿನ್ನ ಕೈಗಿಟ್ಟು ಸೌದೆ ಒಡೆಯಲು ಹೋಗುತ್ತೇನೆ. ಅವ್ವನಿಗೆ ಓದಿ ಹೇಳಬೇಡ.

ನಿನ್ನ ಮೈದುನ,
ಸವ್ವಾತಿ

ತಾ.ಕ.: ಪ್ರೊಕೋಪಿ ಈಗ ಬಾಯಿಬಿಟ್ಟ. ಪಶ್ಚಿಮಕ್ಕೆ, ಒಡೆದ ಗಡ್ಡೆಯೊಂದರ ಮೇಲೆ ಕೆಂಪು ಕಂಡಿದ್ದನಂತೆ. ಇಳಿಯಲು ಬಯಲಿಲ್ಲ, ಹೇಳಿದರೆ ನಾನು ಸುಮ್ಮನಿರುವುದಿಲ್ಲ ಎಂದು ಮುಚ್ಚಿಟ್ಟಿದ್ದ. ನನ್ನ ಸೀಟು ಅಡುಗೆಯವನಿಗೆ ಕೊಟ್ಟೆ. ಜಾರುಬಂಡಿ ಎಳೆದುಕೊಂಡು ಹೊರಟಿದ್ದೇನೆ, ಕಾಗದ ಪ್ರೊಕೋಪಿಯೇ ತಲುಪಿಸುತ್ತಾನೆ. ಗುಂಡಿ ಈಗಲೇ ಮುಚ್ಚಿಸಬೇಡ. ಶಿಲುಬೆಯನ್ನು ಬೇರೆಯವರಿಂದ ಕೆತ್ತಿಸುವಂತಾದರೆ, ಜೊಸೀಮನ ಹೆಸರಿನ ಕೆಳಗೆ ಇನ್ನೊಂದು ಹೆಸರಿನಷ್ಟು ಜಾಗ ಬಿಡಿಸು.