ವಿಕ್ಸಮ್‌ನಲ್ಲೊಂದು ವರ್ಮಾಂಟ್

ವಿಕ್ಸಮ್, ಮಿಶಿಗನ್
ನವೆಂಬರ್ 10, 2025

ಮುದ್ದು ಮೊಮ್ಮಗಳು ಶಿವಾನಿಗೆ,

ಹೇಗಿದ್ದೀ? ಕೆಮ್ಮು ಹೋಯಿತೇ? ವರ್ಮಾಂಟಿನ ಚಳಿಯಲ್ಲಿ ತಲೆಗೆ ಏನೂ ಕಟ್ಟದೆ ಕಾಲೇಜಿಗೆ ಓಡುತ್ತೀ ಎಂದು ನಿನ್ನವ್ವ ಹೇಳಿದಳು. ಕೂದಲು ಚೆಂದ ಕಾಣಲೆಂದು ಕಿವಿ ಕಳೆದುಕೊಳ್ಳಬೇಡ. ನಾನು ಗಟ್ಟಿ ಇದ್ದೇನೆ. ಮೊಣಕಾಲು ಹಳೇ ರಾಗ ತೆಗೆದಿದೆ, ತೆಗೆಯಲಿ. ಇದು ನಾಲ್ಕನೇ ಇಯತ್ತೆ ಓದಿದವಳ ಅಕ್ಷರ. ಓದಲು ಬಾರದಿದ್ದರೆ ತಪ್ಪು ನನ್ನದಲ್ಲ, ನಾನು ಕಲಿಸಿದ್ದನ್ನು ಮರೆತ ನಿನ್ನದು.

ಈಗ ಸುದ್ದಿ. ನಿನ್ನಪ್ಪ ಬಸವ, ಅರೋರಾದ ನಿನ್ನ ಕಾಕಾ ಈರೇಶ, ಇಬ್ಬರಿಗೂ ನಿನ್ನ ಮೇಲೆ ಸಿಟ್ಟು. ಅಜ್ಜಿಯ ತಲೆ ಕೆಡಿಸಿದವಳು ನೀನಂತೆ. ನಿಜವೇ. ಬೇಸಿಗೆ ರಜೆಯಲ್ಲಿ ನಾನು ರೊಟ್ಟಿ ಬಡಿಯುವಾಗ ಅಡುಗೆ ಕಟ್ಟೆಯ ಮೇಲೆ ಕೂತು ನಿನ್ನ ಕಾಲೇಜಿನ ಬರಹ ಓದಿ ಹೇಳಿದೆಯಲ್ಲ: ವರ್ಮಾಂಟನ್ನು ಈ ಕಡೆಯ ನ್ಯೂಯಾರ್ಕ್ ನನ್ನದು ಅಂದಿತು, ಆ ಕಡೆಯ ನ್ಯೂ ಹ್ಯಾಂಪ್‌ಶೈರ್ ನನ್ನದು ಅಂದಿತು, ಅಲ್ಲಿ ಉಳುತ್ತಿದ್ದವರನ್ನು ಯಾರೂ ಕೇಳಲಿಲ್ಲ. ಕೊನೆಗೆ ಅವರು ಇಬ್ಬರಿಗೂ ಕೈ ಮುಗಿದು, ಹದಿನಾಲ್ಕು ವರ್ಷ ತಮ್ಮ ರಾಜ್ಯ ತಾವೇ ನಡೆಸಿದರು. ತಮ್ಮದೇ ನಾಣ್ಯ, ತಮ್ಮದೇ ಟಪಾಲು. ಆಮೇಲೆ ಅಮೆರಿಕವನ್ನು ಸೇರಿದ್ದೂ ಯಾರ ಬಾಲವಾಗಿಯೂ ಅಲ್ಲ, ಸಮಸಮನಾಗಿ. ಅಂದು ನನ್ನದೊಂದು ರೊಟ್ಟಿ ಹೊತ್ತಿಹೋಯಿತು, ನೆನಪಿದೆಯೇ?

ನಿಮ್ಮಜ್ಜ ಹೋದ ಮೇಲೆ ಮೂರು ವರ್ಷ ನಾನೂ ಅಂಥದೇ ನೆಲ. ಬೇಸಿಗೆಗೆ ಲಿವೋನಿಯಾದ ಬಸವನದು, ಚಳಿಗಾಲಕ್ಕೆ ಅರೋರಾದ ಈರೇಶನದು. ಇಬ್ಬರೂ ನಡುದಾರಿಗೆ ಬಂದು ಕಲಮಜೂ ಹತ್ತಿರ ಎಕ್ಸಿಟ್ ತೊಗೊಂಡು ಗ್ಯಾಸ್ ಸ್ಟೇಷನ್ನಿನಲ್ಲಿ ನನ್ನನ್ನು ಬದಲಾಯಿಸಿಕೊಳ್ಳುತ್ತಿದ್ದರು. ಆ ಡಿಕ್ಕಿಯಿಂದ ಈ ಡಿಕ್ಕಿಗೆ ಸೂಟ್‌ಕೇಸು, ರೊಟ್ಟಿ ಹಂಚು, ಮಾತ್ರೆ ಡಬ್ಬಿ, ಕೊನೆಗೆ ನಾನು. ಮಕ್ಕಳು ಕೆಟ್ಟವರಲ್ಲ, ಕೇಳುವುದು ಗೊತ್ತಿಲ್ಲ ಅಷ್ಟೇ. ಈ ಸಲ ಸೆಪ್ಟೆಂಬರ್ ಕೊನೆಯಲ್ಲಿ ಎರಡೂ ಡಿಕ್ಕಿ ತೆರೆದು ನಿಂತು, ದೀಪಾವಳಿಗೆ ನಾನು ಯಾರ ಮನೆಯವಳೆಂದು ಜಗಳ ತೆಗೆದರು. "ಹ್ವಾದ ವರ್ಷಾನೂ ನೀನ ಇಟ್ಕೊಂಡಿದ್ದಿ" ಎಂದು ಒಬ್ಬ, "ಡೇಟ್ ನೋಡಿ ಮಾತಾಡು" ಎಂದು ಇನ್ನೊಬ್ಬ. ನಾನು ಹೊರಗಿನ ಬೆಂಚಿನ ಮೇಲೆ ಕೂತು, "ನಾ ಯಾರ ಗಾಡಿನೂ ಹತ್ತಂಗಿಲ್ಲ. ನಾ ವರ್ಮಾಂಟ್" ಎಂದೆ. ಈರೇಶ ಹಣೆ ಮುಟ್ಟಿ ಜ್ವರ ನೋಡಿದ. "ಯವ್ವಾ, ಬ್ಯಾಸರಾಗೇತೇನ?" ಎಂದ ಬಸವ. "ಬ್ಯಾಸರ ಅಲ್ಲೋ, ಬುದ್ಧಿ ಬಂದೈತಿ" ಎಂದೆ. ಗಾಳಿ ಕಡಿಯುತ್ತಿತ್ತು, ಆದರೂ ಒಂದು ತಾಸು ಕದಲಲಿಲ್ಲ. ಆಗ ಕೇಳಿದರು ನೋಡು, ಏನು ಬೇಕು ಎಂದು. ಮೂರು ವರ್ಷದಲ್ಲಿ ಮೊದಲ ಸಲ.

ಈಗ ವಿಕ್ಸಮ್‌ನಲ್ಲಿ, ನಿಮ್ಮಜ್ಜ ದುಡಿದ ಕಾರ್ಖಾನೆಯಿಂದ ಎರಡು ಮೈಲಿ ದೂರದ ಹಿರಿಯರ ಅಪಾರ್ಟ್‌ಮೆಂಟಿನಲ್ಲಿ ಒಂದು ಕೋಣೆ, ಒಂದು ಒಲೆ ನನ್ನದು. ಅಜ್ಜನ ಪೆನ್ಷನ್ ಸಾಕಾಗುತ್ತದೆ. ಲಿವೋನಿಯಾಕ್ಕೆ ಹತ್ತಿರವಾಯಿತೆಂದು ಬಸವ ತಾನು ಗೆದ್ದೆ ಅಂದುಕೊಂಡಿದ್ದ. ಫೋನ್ ಮಾಡಿಯೇ ಬರಬೇಕೆಂದು ಗಡಿ ಹಾಕಿದ್ದೇನೆ. ದೀಪಾವಳಿಗೆ ಇಬ್ಬರನ್ನೂ ನಾನೇ ಕರೆದೆ. ಬಂದರು, ಹೋಳಿಗೆ ತಿಂದರು, ಪಾತ್ರೆ ತೊಳೆದು ಹೋದರು.

ಅಮೆರಿಕವನ್ನು ಸೇರಿ ಇನ್ನೂರು ವರ್ಷ ದಾಟಿದ ಮೇಲೂ ವರ್ಮಾಂಟಿನಲ್ಲಿ ಕೆಲವರು ಮತ್ತೆ ಬೇರೆಯಾಗೋಣ ಅನ್ನುತ್ತಾರೆಂದು ಓದಿ ನೀನು ನಕ್ಕೆ. ನನಗೆ ನಗು ಬರಲಿಲ್ಲ. ಅವರು ಬೇರೆಯಾಗುತ್ತಾರೋ ಬಿಡುತ್ತಾರೋ, ಇನ್ನೂ ಜೊತೆಗಿರಲು ಮನಸ್ಸಿದೆಯೇ ಎಂದು ಆಗಾಗ ಕೇಳಿದರೆ ಯಾರ ಗಂಟು ಹೋಗುತ್ತದೆ? ಯಾವಾಗ ವಾಪಸ್ ಬರುತ್ತೀ ಎಂದು ನಿನ್ನಪ್ಪ ದಿನಾ ಕೇಳುತ್ತಾನೆ. ವರ್ಮಾಂಟ್ ಹದಿನಾಲ್ಕು ವರ್ಷ ತೆಗೆದುಕೊಂಡಿತು, ನನಗೀಗ ಎಪ್ಪತ್ತೇಳು ಎಂದಿದ್ದೇನೆ. ಇಂಜಿನಿಯರ್ ಅಲ್ಲವೇ, ಕೂಡಿಕೊಳ್ಳಲಿ.

ಹೊತ್ತಿಗೆ ಉಣ್ಣು, ಚೆನ್ನಾಗಿ ಓದು. ನೂರು ವರ್ಷ ಬಾಳು ಅನ್ನುವುದಿಲ್ಲ, ಮೊಣಕಾಲು ಗಟ್ಟಿ ಇರುವಷ್ಟು ಬಾಳು.

ನಿನ್ನ ಅಜ್ಜಿ
ಪ್ರಭಾವತಿ

ತಾ.ಕ.: ಟಪಾಲಿನವನು ಬರುವ ಹೊತ್ತಾಯಿತು, ಮುಖ್ಯವಾದದ್ದೇ ಮರೆತೆ. ನಾನು ಜಾರಿ ಬಿದ್ದರೆ ಮೊದಲು ಯಾರಿಗೆ ಫೋನ್ ಮಾಡಬೇಕೆಂದು ಇಲ್ಲಿನ ಆಫೀಸಿನ ಫಾರ್ಮಿನಲ್ಲಿ ಒಂದೇ ಗೆರೆ ಇದೆ. ಬಸವನ ಹೆಸರು ಬರೆದರೆ ಈರೇಶ ಮುನಿಯುತ್ತಾನೆ, ಈರೇಶನದು ಬರೆದರೆ ಬಸವ. ನಿನ್ನ ಹೆಸರು ಬರೆಯಲು ಪೆನ್ನು ಹಿಡಿದೆ. ನಿನ್ನನ್ನು ಕೇಳಿಲ್ಲವಲ್ಲ ಎಂದು ನೆನಪಾಗಿ ಗೆರೆ ಖಾಲಿ ಬಿಟ್ಟಿದ್ದೇನೆ. ಬರೆಯಲೇ? ಯಾರ ಫೋನನ್ನೂ ಎತ್ತದವಳು ನೀನು. ಹೂಂ ಅಂದರೆ ನನ್ನದನ್ನು ಎತ್ತಬೇಕಾಗುತ್ತದೆ.